ಬೆಂಕಿ ಆರಿದ ಕಟ್ಟಡದ ಹಾನಿ ಅಳೆಯುವ ಕ್ರಮ: ಗಿಲಾವಿಗೆ ಮುಂಚೆ ಮಾಡಬೇಕಾದ ಪರಿಶೀಲನೆ

ಬೆಂಕಿ ಬಿದ್ದ ಮನೆ, ಅಂಗಡಿ ಅಥವಾ ಗೋದಾಮನ್ನು ನೋಡಲು ಕರೆಸಿದವರು ಬಹುತೇಕ ಒಂದೇ ಮಾತು ಕೇಳುತ್ತಾರೆ: ‘ಸ್ಲ್ಯಾಬ್ ಗಟ್ಟಿ ಅದ ಅಲ್ರಿ ಸರ್? ಗಿಲಾವ್ ಮಾಡಿಸಿಬಿಟ್ರ ಸಾಕಲ್ರಿ?’ ಅಷ್ಟರೊಳಗೆ ಮಸಿ ತೊಳೆಸಿ, ಉದುರಿದ ಚಕ್ಕೆಗಳನ್ನು ಟ್ರ್ಯಾಕ್ಟರಿಗೆ ತುಂಬಿಸಿ ಊರ ಹೊರಗೆ ಸುರಿಸಿರುತ್ತಾರೆ. ಬೆಂಕಿ ಎಲ್ಲಿ ಎಷ್ಟು ಕಾದಿತ್ತು ಎಂಬುದನ್ನು ಹೇಳಬಲ್ಲ ಸಾಕ್ಷ್ಯವೆಲ್ಲ ಆ ಮಸಿಯಲ್ಲಿ, ಆ ಚಕ್ಕೆಗಳಲ್ಲಿ, ಕರಗಿದ ಸಾಮಾನಿನಲ್ಲಿ ಇತ್ತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ತಿಳಿವಳಿಕೆಯ ಕೊರತೆಯಿಂದ ಆದವಲ್ಲ, ಕೆಲಸದ ಕ್ರಮ ತಲೆಕೆಳಗಾದದ್ದರಿಂದ ಆದವು. ಆದ್ದರಿಂದ ಇಲ್ಲಿ ಕ್ರಮಕ್ಕೇ ಒತ್ತು ಕೊಟ್ಟಿದ್ದೇನೆ.

ಇದು ಮಾಲೀಕರಿಗೆ, ಗೌಂಡಿಗಳಿಗೆ ಮತ್ತು ಈ ಕೆಲಸಕ್ಕೆ ಹೊಸಬರಾದ ಇಂಜಿನಿಯರುಗಳಿಗೆ ಬರೆದದ್ದು. ಮೊದಲ ಮೂರು ಹಂತಗಳನ್ನು ಯಾರಾದರೂ ಜಾಗ್ರತೆಯಿಂದ ಮಾಡಬಹುದು. ಐದನೆಯದರ ನಂತರದ ನಿರ್ಧಾರಗಳಿಗೆ ಸ್ಟ್ರಕ್ಚರಲ್ ಇಂಜಿನಿಯರ್ ಇರಲೇಬೇಕು. ಉಷ್ಣತೆಯ ಅಂಕಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಬೇಕಾಗುವ ಸಾಮಾನು

ಹೆಲ್ಮೆಟ್, ದಪ್ಪ ಅಡಿಯ ಬೂಟು, ಕೈಗವಸು, ಎನ್-95ಕ್ಕೆ ಕಡಿಮೆಯಿಲ್ಲದ ಮಾಸ್ಕ್, ಎರಡು ಟಾರ್ಚ್. ಅರ್ಧ ಕಿಲೋ ತೂಕದ ಸುತ್ತಿಗೆ, ಉಳಿ, ದೊಡ್ಡ ಸ್ಕ್ರೂಡ್ರೈವರ್. ಅಳತೆಯ ಟೇಪು, ನೈಲಾನ್ ದಾರ, ತೂಗುಗುಂಡು, ಮಟ್ಟ ನೋಡುವ ನೀರಿನ ಪೈಪು, ಬಿರುಕಿನ ಅಗಲ ಅಳೆಯುವ ಕಾರ್ಡು. ಬಣ್ಣದ ಸೀಮೆಸುಣ್ಣ, ಮಾರ್ಕರ್, ಚಕ್ಕೆಗಳನ್ನು ಎತ್ತಿಡಲು ಪ್ಲಾಸ್ಟಿಕ್ ಚೀಲಗಳು. ಡ್ರಿಲ್ ಮಶಿನ್ ಮತ್ತು ಫಿನಾಲ್ಫ್ಥಲೀನ್ ದ್ರಾವಣ ಸಿಕ್ಕರೆ ಒಳ್ಳೆಯದು. ದ್ರಾವಣ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ.

ಹಂತ 1: ಒಳಗೆ ಕಾಲಿಡುವ ಮುನ್ನ

ಅಗ್ನಿಶಾಮಕ ಸಿಬ್ಬಂದಿ ಒಳಗೆ ಹೋಗಬಹುದೆಂದು ಹೇಳುವವರೆಗೆ ಹೊಸ್ತಿಲು ದಾಟಬೇಡಿ. ಮೀಟರಿನ ಪಕ್ಕದ ಸ್ವಿಚ್ ಇಳಿಸಿದರೆ ಸಾಲದು, ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಲೈನ್‌ಮ್ಯಾನ್‌ನಿಂದ ಕಂಬದಲ್ಲಿಯೇ ಸಂಪರ್ಕ ಬಿಡಿಸಬೇಕು. ಇನ್ವರ್ಟರ್ ಮತ್ತು ಸೋಲಾರ್ ಪ್ಯಾನಲ್‌ಗಳನ್ನು ಮರೆಯುವವರೇ ಹೆಚ್ಚು. ಗ್ಯಾಸ್ ಸಿಲಿಂಡರುಗಳನ್ನು ಅಗ್ನಿಶಾಮಕದವರಿಂದಲೇ ಹೊರಗೆ ತರಿಸಿ.

ನಂತರ ಹೊರಗಿನಿಂದ, ಕಟ್ಟಡದ ಎತ್ತರದಷ್ಟಾದರೂ ದೂರದಲ್ಲಿ ನಿಂತು ನಾಲ್ಕೂ ದಿಕ್ಕಿನಿಂದ ಒಂದು ಸುತ್ತು ನೋಡಿ. ಗೋಡೆ ಹೊರಕ್ಕೆ ಉಬ್ಬಿದ್ದರೆ, ಮೂಲೆ ಬಿಟ್ಟುಕೊಂಡಿದ್ದರೆ, ಮೇಲ್ಛಾವಣಿಯ ಅಂಚಿನ ಗೆರೆ ತಗ್ಗಿದ್ದರೆ, ಒಳಗಿನಿಂದ ಮಣ್ಣು ಅಥವಾ ಚಕ್ಕೆ ಉದುರುವ ಸದ್ದು ಬಿಟ್ಟುಬಿಟ್ಟು ಬರುತ್ತಿದ್ದರೆ ಆ ದಿನ ಒಳಗೆ ಹೋಗುವ ಯೋಚನೆ ಬಿಡಿ.

ನಮ್ಮ ಭಾಗದಲ್ಲಿ ಮೂರು ಅಪಾಯಗಳನ್ನು ವಿಶೇಷವಾಗಿ ನೆನಪಿಡಬೇಕು. ಒಂದನೆಯದು ಮಣ್ಣಿನ ಮಾಳಿಗೆ. ಜಂತಿಗಳು ಕೆಳಗಿನಿಂದ ಸುಟ್ಟು ತೆಳ್ಳಗಾಗಿರುವಾಗಲೇ ಮೇಲಿನ ಮಣ್ಣು ಬೆಂಕಿ ಆರಿಸಿದ ನೀರನ್ನೆಲ್ಲ ಹೀರಿಕೊಂಡು ಭಾರವಾಗುತ್ತದೆ, ಹಾಗಾಗಿ ಇಂಥ ಮಾಳಿಗೆ ಬೆಂಕಿ ಆರಿದ ಎಷ್ಟೋ ಗಂಟೆಗಳ ನಂತರವೂ ಕುಸಿಯಬಹುದು. ಎರಡನೆಯದು ತೊಗರಿ ಗೋದಾಮು. ನೀರು ಕುಡಿದ ಕಾಳು ಊದಿಕೊಂಡು ಗೋಡೆಯನ್ನು ಒಳಗಿನಿಂದ ತಳ್ಳುತ್ತದೆ, ಅಟ್ಟದ ಮೇಲಿದ್ದರೆ ಅಟ್ಟಕ್ಕೆ ಹೊರಲಾರದ ಭಾರವಾಗುತ್ತದೆ. ನೀರಿನ ಭಾರವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ: ನೂರು ಚದರಡಿಯ ಮೇಲೆ ಬರೀ ಒಂದು ಇಂಚು ನೀರು ನಿಂತರೆ ಅದರ ತೂಕ ಸುಮಾರು 236 ಕಿಲೋ. ಮೂರನೆಯದು ಹತ್ತಿ. ಶಹಾಪುರ, ಯಾದಗಿರಿ ಕಡೆಯ ಜಿನ್ನಿಂಗ್ ಮಿಲ್ಲುಗಳಲ್ಲಿರುವಂಥ ಒತ್ತಿದ ಹತ್ತಿಯ ಬೇಲುಗಳು ಹೊರಗೆ ತಣ್ಣಗಾಗಿದ್ದರೂ ಒಳಗೆ ದಿನಗಟ್ಟಲೆ ಕೆಂಡವಾಗಿಯೇ ಇರುತ್ತವೆ. ಬೇಲನ್ನು ಬಿಚ್ಚಿದ ಗಳಿಗೆಯಲ್ಲಿ ಗಾಳಿ ತಗಲಿ ಮತ್ತೆ ಹೊತ್ತಿಕೊಳ್ಳುತ್ತವೆ.

ಸಿಮೆಂಟ್ ಶೀಟಿನ ಛಾವಣಿ ಬೆಂಕಿಯಲ್ಲಿ ಸಿಡಿದು ಚೂರಾಗಿದ್ದರೆ ಆ ಚೂರುಗಳಲ್ಲಿ ಆಸ್ಬೆಸ್ಟಾಸ್ ಎಳೆಗಳಿರಬಹುದು. ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ ಎತ್ತಿಸಿ.

ಹಂತ 2: ಆಸರೆ ಕೊಡುವುದು

ಸಂಶಯವಿರುವ ತೊಲೆ, ಸ್ಲ್ಯಾಬುಗಳಿಗೆ ಪರೀಕ್ಷೆಗೆ ಮುಂಚೆಯೇ ಆಸರೆ ಕೊಡಬೇಕು. ಗಟ್ಟಿಯಾಗಿ ಉಳಿದ ಕಡೆಯಿಂದ ಆರಂಭಿಸಿ ಒಂದೊಂದೇ ಸಾಲು ಜ್ಯಾಕ್ (ತಿರುಗಿಸಿ ಎತ್ತರ ಹೊಂದಿಸುವ ಉಕ್ಕಿನ ಆಸರೆ) ನಿಲ್ಲಿಸುತ್ತ ಸುಟ್ಟ ಕಡೆಗೆ ಹೋಗಿ, ಅಂದರೆ ನೀವು ನಿಂತ ಜಾಗ ಯಾವಾಗಲೂ ಆಸರೆಯ ಕೆಳಗೇ ಇರಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಜ್ಯಾಕನ್ನು ತಿರುಗಿಸಿ ಬಾಗಿದ ಸ್ಲ್ಯಾಬನ್ನು ಮೇಲಕ್ಕೆ ಎತ್ತಲು ನೋಡುವುದು. ಹಾಗೆ ಎತ್ತಿದರೆ ಕೆಳಗೆ ಒಂದು ಬಿರುಕಿದ್ದಲ್ಲಿ ಮೇಲೆ ಇನ್ನೊಂದು ಹುಟ್ಟುತ್ತದೆ. ತಲೆಯ ಮೇಲಿನ ಹಲಗೆ ಸ್ಲ್ಯಾಬಿಗೆ ತಾಗಿ, ಬಡಿದರೆ ಅಲುಗದಷ್ಟು ಬಿಗಿಯಾದರೆ ಸಾಕು. ಮೊದಲ ಮಹಡಿಯಲ್ಲಿ ಬೆಂಕಿ ಬಿದ್ದಿದ್ದರೆ ಅದೇ ಜ್ಯಾಕುಗಳ ನೇರಕ್ಕೆ ಕೆಳಗಿನ ಮಹಡಿಯಲ್ಲಿಯೂ ಆಸರೆ ಬೇಕು. ಇಲ್ಲದಿದ್ದರೆ ಮೇಲಿನ ಭಾರವನ್ನು ಕೆಳಗಿನ ಸ್ಲ್ಯಾಬಿನ ನಡುಮಧ್ಯಕ್ಕೆ ತಂದು ಇಟ್ಟಂತಾಗುತ್ತದೆ.

ಹಂತ 3: ಏನನ್ನೂ ಕದಲಿಸದೆ ಓದಿಕೊಳ್ಳುವುದು

ವಿಮಾ ಸರ್ವೇಯರ್ ಬರುವುದಕ್ಕೆ ಮುಂಚೆ ಅವಶೇಷ ತೆಗೆದರೆ ಹಣಕಾಸಿನ ತೊಂದರೆಯೂ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ ಕಟ್ಟಡದ ಕಥೆ ಅಳಿಸಿಹೋಗುತ್ತದೆ. ಪ್ರತಿ ಕೋಣೆಯ ನಕ್ಷೆ ಬರೆದು, ಕಂಬ, ತೊಲೆ, ಸ್ಲ್ಯಾಬಿನ ಪ್ರತಿ ಅಂಕಣಕ್ಕೆ (ಎರಡು ಆಧಾರಗಳ ನಡುವಿನ ಭಾಗಕ್ಕೆ) ಒಂದು ನಂಬರು ಕೊಡಿ. ಫೋಟೊಗಳಲ್ಲಿ ಆ ನಂಬರೂ ಒಂದು ಅಳತೆಪಟ್ಟಿಯೂ ಕಾಣುವಂತಿರಲಿ.

ಈಗ ಸಾಮಾನುಗಳನ್ನು ಥರ್ಮಾಮೀಟರಿನಂತೆ ಓದಬಹುದು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಗಾಜಿನ ಸೀಸೆ ಸುಮಾರು 700ರಿಂದ 800 ಡಿಗ್ರಿಯಲ್ಲಿ ಮೆತ್ತಗಾಗಿ ಅಂಚು ದುಂಡಾಗುತ್ತದೆ. ಹಿತ್ತಾಳೆ 900ರ ಆಸುಪಾಸಿನಲ್ಲಿ, ತಾಮ್ರ 1083ರಲ್ಲಿ ಕರಗುತ್ತವೆ. ಆದರೆ ಸಾಮಾನು ಎಷ್ಟು ಎತ್ತರದಲ್ಲಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ಬಿಸಿ ಹೊಗೆ ಮೇಲೇರುವುದರಿಂದ ನೆಲದ ಮೇಲಿದ್ದ ಅಲ್ಯೂಮಿನಿಯಂ ಪಾತ್ರೆ ಕರಗದೆ ಉಳಿದದ್ದು ಸ್ಲ್ಯಾಬಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೀಲಿಂಗ್ ಫ್ಯಾನಿನ ಅಲ್ಯೂಮಿನಿಯಂ ಭಾಗ ಕರಗಿ ಸೋರಿದ್ದರೆ ಅದು ಸ್ಲ್ಯಾಬಿನ ಹತ್ತಿರದ ಸಾಕ್ಷಿ. ಸ್ಲ್ಯಾಬಿನೊಳಗೆ ಹಾಕಿದ ಪಿವಿಸಿ ಪೈಪಿನ ವೈರನ್ನು ಎಳೆದು ನೋಡಿ. ಅದು ಸಲೀಸಾಗಿ, ಸುಡದೆ ಹೊರಬಂದರೆ ಅಷ್ಟು ಆಳಕ್ಕೆ ಶಾಖ ಹೆಚ್ಚು ಇಳಿದಿಲ್ಲವೆಂದು ನಂಬಬಹುದು. ಈ ಪುಟ್ಟ ಪರೀಕ್ಷೆ ನನಗೆ ಎಷ್ಟೋ ಸಲ ದುಬಾರಿ ಪರೀಕ್ಷೆಗಿಂತ ಮೊದಲೇ ಉತ್ತರ ಕೊಟ್ಟಿದೆ.

ಕೋಣೆಯ ಗಾಳಿ ಕಾದಷ್ಟು ಕಾಂಕ್ರೀಟ್ ಒಳಗೆ ಕಾಯುವುದಿಲ್ಲ. ಒಂದು ಗಂಟೆಯ ತೀವ್ರ ಬೆಂಕಿಯಲ್ಲಿ ಗಾಳಿ 900 ಡಿಗ್ರಿ ದಾಟಿದರೂ ಎರಡು ಇಂಚು ಆಳದಲ್ಲಿ ಸಾಮಾನ್ಯವಾಗಿ 300 ಡಿಗ್ರಿಯೂ ಆಗಿರುವುದಿಲ್ಲ. ದಪ್ಪ ಕಂಬಗಳು ಬದುಕುವುದೂ, ನಾಲ್ಕು ಇಂಚಿನ ಸ್ಲ್ಯಾಬು ಸೋಲುವುದೂ ಇದೇ ಕಾರಣಕ್ಕೆ.

ಹಂತ 4: ವಸ್ತುವಾರು ಪರಿಶೀಲನೆ

ಕಾಂಕ್ರೀಟ್

ಮಸಿ ಹಾನಿಯಲ್ಲ. ಕಪ್ಪಾಗಿರುವ ಸ್ಲ್ಯಾಬು ಹೆಚ್ಚಾಗಿ ಕಡಿಮೆ ಕಾದದ್ದು. ಮಸಿಯೇ ಸುಟ್ಟುಹೋಗಿ ಬೆಳ್ಳಗೆ ಕಾಣುವ ಭಾಗ ಹೆಚ್ಚು ಕಾದದ್ದು. ಹೊಸಬರು ಕಪ್ಪು ಭಾಗಕ್ಕೆ ಹೆದರಿ ಬಿಳಿ ಭಾಗವನ್ನು ‘ಚೆನ್ನಾಗಿದೆ’ ಎಂದು ಬರೆದುಕೊಳ್ಳುವುದನ್ನು ನೋಡಿದ್ದೇನೆ.

ಉಳಿಯಿಂದ ಒಂದು ಸಣ್ಣ ಚಕ್ಕೆ ಎಬ್ಬಿಸಿ, ಮೇಲ್ಮೈಯಿಂದ ಒಳಕ್ಕೆ ಬಣ್ಣ ಹೇಗೆ ಬದಲಾಗಿದೆ ನೋಡಿ. ಸುಮಾರು 300ರಿಂದ 600 ಡಿಗ್ರಿ ಕಾದ ಕಾಂಕ್ರೀಟ್ ಗುಲಾಬಿ ಅಥವಾ ಇಟ್ಟಿಗೆಗೆಂಪು ಛಾಯೆ ತಾಳುತ್ತದೆ, 600 ದಾಟಿದರೆ ಬಿಳಿ ಮಿಶ್ರಿತ ಬೂದು, 900 ಮೀರಿದರೆ ತಿಳಿಹಳದಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಗುಲಾಬಿ ಬಣ್ಣ ಬರುವುದು ಮರಳು, ಜಲ್ಲಿಯೊಳಗಿನ ಕಬ್ಬಿಣದ ಅಂಶದಿಂದ. ಕಲಬುರಗಿ, ಬೀದರ್ ಕಡೆ ಹೆಚ್ಚು ಬಳಕೆಯಲ್ಲಿರುವ ಕರಿಕಲ್ಲಿನ ಜಲ್ಲಿಯಲ್ಲಿ ಈ ಬದಲಾವಣೆ ಮಸುಕಾಗಿರುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಸುಣ್ಣದ ಕಲ್ಲಿನ ಜಲ್ಲಿಯಲ್ಲೂ ಹಾಗೆಯೇ. ಗುಲಾಬಿ ಕಂಡರೆ ಹಾನಿ ಖಚಿತ, ಕಾಣದಿದ್ದರೆ ಕ್ಷೇಮ ಖಚಿತವಲ್ಲ. ಜಲ್ಲಿಗಿಂತ ಅದರ ನಡುವಿನ ಗಾರೆಯ ಬಣ್ಣವನ್ನು ನೋಡಿ, ಸುಡದ ಕೋಣೆಯ ಚಕ್ಕೆಯನ್ನು ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ಹೋಲಿಸಿ.

300 ಡಿಗ್ರಿಯವರೆಗೆ ಕಾಂಕ್ರೀಟ್ ಕಳೆದುಕೊಳ್ಳುವ ಬಲ ಕಡಿಮೆ. 600ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ, ಅದು ತಣ್ಣಗಾದ ಮೇಲೂ ಮರಳಿ ಬರುವುದಿಲ್ಲ. ಆದ್ದರಿಂದ ಗುಲಾಬಿ ಗೆರೆ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗಿನ ದಪ್ಪವನ್ನು ಲೆಕ್ಕದಿಂದ ತೆಗೆದುಹಾಕುವುದು ಸುರಕ್ಷಿತ ರೂಢಿ.

ಮುಂದೆ ಸುತ್ತಿಗೆ. ಒಂದೊಂದು ಅಡಿಗೆ ಒಂದು ಪೆಟ್ಟಿನಂತೆ ಇಡೀ ಮೇಲ್ಮೈಯನ್ನು ಬಡಿದು ಕೇಳಿ. ಟಣ್ ಎಂದರೆ ಗಟ್ಟಿ. ಧಪ್ ಎಂದರೆ ಪದರ ಬಿಟ್ಟಿದೆ. ಟೊಳ್ಳು ಸದ್ದು ಬಂದ ಭಾಗಕ್ಕೆ ಸೀಮೆಸುಣ್ಣದಿಂದ ಸುತ್ತು ಹಾಕಿ. ಹಳೆಯ ಗಿಲಾವು ಬಿಟ್ಟಿದ್ದರೂ ಇದೇ ಸದ್ದು ಬರುವುದರಿಂದ, ಸುತ್ತು ಹಾಕಿದಲ್ಲಿ ಗಿಲಾವು ಕೆತ್ತಿ ಕಾಂಕ್ರೀಟನ್ನೇ ಮತ್ತೊಮ್ಮೆ ಬಡಿಯಬೇಕು. ಇದನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ಒಂದು ಗೋದಾಮಿನಲ್ಲಿ ಕಂಡಿದ್ದೇನೆ. ಬೇಸಿಗೆಯಲ್ಲಿ ಬೆಂಕಿ ಬಿದ್ದ ಎರಡೇ ವಾರದಲ್ಲಿ ಹೊಸ ಗಿಲಾವು ಮಾಡಿಸಿದ್ದರು. ಮಳೆಗಾಲದಲ್ಲಿ ಗಿಲಾವು ತನ್ನೊಂದಿಗೆ ಒಂದು ಇಂಚು ಕಾಂಕ್ರೀಟನ್ನೂ ಎಳೆದುಕೊಂಡು ಹಾಳೆ ಹಾಳೆಯಾಗಿ ಚೀಲಗಳ ಮೇಲೆ ಬಿತ್ತು.

ಸರಳುಗಳು

ಚಕ್ಕೆ ಹಾರಿ ಸರಳು ಹೊರಗೆ ಕಂಡಿದ್ದರೆ, ಅದು ನೆಟ್ಟಗಿದೆಯೋ ಸರಳುಗಳನ್ನು ಸುತ್ತಿ ಕಟ್ಟಿದ ಎರಡು ರಿಂಗುಗಳ ನಡುವೆ ಹೊರಕ್ಕೆ ಬಳುಕಿದೆಯೋ ನೋಡಿ. ಬಳುಕಿದ ಸರಳನ್ನು ಬಡಿದು ನೆಟ್ಟಗೆ ಮಾಡಿ ಮುಚ್ಚಬಾರದು. ಸರಳಿನ ಜಾತಿಯೂ ಮುಖ್ಯ. ಸಾದಾ ಉಕ್ಕು 600 ಡಿಗ್ರಿಯವರೆಗೆ ಕಾದಿದ್ದರೂ ತಣ್ಣಗಾದ ಮೇಲೆ ಬಹುಮಟ್ಟಿಗೆ ಹಳೆಯ ಬಲಕ್ಕೆ ಮರಳುತ್ತದೆ. ಹಳೆಯ ಕಟ್ಟಡಗಳಲ್ಲಿರುವ ತಿರುಚಿದ ಟಾರ್ ಸರಳಿನ ಹೆಚ್ಚುವರಿ ಬಲ ತಿರುಚುವಿಕೆಯಿಂದಲೇ ಬಂದದ್ದಾದ್ದರಿಂದ 450 ಡಿಗ್ರಿ ದಾಟಿದರೆ ಅದು ಹೋಗಿಬಿಡುತ್ತದೆ. ಈಗಿನ ಟಿಎಂಟಿ ಸರಳಿನ ಗಟ್ಟಿ ಹೊರಪದರವೂ 500-600 ಡಿಗ್ರಿ ಮೀರಿದರೆ ಮೆತ್ತಗಾಗುತ್ತದೆ. ಕಣ್ಣಿಗೆ ಈ ಯಾವ ವ್ಯತ್ಯಾಸವೂ ಕಾಣದು. ತುಂಡು ಕತ್ತರಿಸಿ ಎಳೆತದ ಪರೀಕ್ಷೆಗೆ ಕಳಿಸಬೇಕು.

ಉಕ್ಕಿನ ಗರ್ಡರ್, ಟ್ರಸ್ಸು, ಪತ್ರಾ ಛಾವಣಿ

ತಣ್ಣಗಾದ ಮೇಲೂ ನೆಟ್ಟಗಿರುವ ಗರ್ಡರನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು, ತಿರುಚಿಕೊಂಡದ್ದನ್ನು ಬದಲಿಸಬೇಕು. ಎಲ್ಲರೂ ತಪ್ಪುವುದು ತುದಿಗಳಲ್ಲಿ. ಆರು ಮೀಟರಿನ ಗರ್ಡರ್ 500 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 36 ಮಿ.ಮೀ. ಉದ್ದವಾಗಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ತಣ್ಣಗಾಗುವಾಗ ಅದು ಹಿಂದಕ್ಕೆ ಸರಿಯುತ್ತದೆ, ಗೋಡೆ ಸರಿಯುವುದಿಲ್ಲ. ಗರ್ಡರಿನ ತುದಿ ಗೋಡೆಯ ಮೇಲೆ ಈಗ ಎಷ್ಟು ಇಂಚು ಕೂತಿದೆ ಎಂದು ಅಳೆದು ಬರೆದುಕೊಳ್ಳಿ. ಬೋಲ್ಟುಗಳನ್ನು, ಅದರಲ್ಲೂ ಹೆಚ್ಚು ಬಲದವುಗಳನ್ನು, ನೋಡಲು ಚೆನ್ನಾಗಿದ್ದರೂ ಬದಲಿಸುವುದೇ ಒಳ್ಳೆಯದು.

ಶಹಾಬಾದ್ ಕಲ್ಲು

ಗರ್ಡರ್ ಅಥವಾ ತೊಲೆಗಳ ಮೇಲೆ ಫರ್ಸಿ (ಶಹಾಬಾದ್ ಕಲ್ಲಿನ ಚಪ್ಪಡಿ) ಹಾಸಿದ ಛಾವಣಿ ನಮ್ಮಲ್ಲಿ ಸಾಮಾನ್ಯ, ಮತ್ತು ಬೆಂಕಿಯ ನಂತರ ಅತ್ಯಂತ ಮೋಸ ಮಾಡುವ ಛಾವಣಿಯೂ ಅದೇ. ಕಲ್ಲಿನೊಳಗೆ ಸರಳಿಲ್ಲ, ಆದ್ದರಿಂದ ಅದು ಬಾಗಿ ಮುನ್ಸೂಚನೆ ಕೊಡುವುದಿಲ್ಲ; ಬಿರುಕು ಬಿಟ್ಟ ಫರ್ಸಿ ಒಮ್ಮೆಗೇ ಎರಡು ತುಂಡಾಗಿ ಬೀಳುತ್ತದೆ. ಕಾದ ಕಲ್ಲಿನ ಮೇಲೆ ತಣ್ಣೀರು ಬಿದ್ದಾಗ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ, ಮಸಿಯ ಕೆಳಗೆ ಅವು ಕಾಣುವುದಿಲ್ಲ. ಆಸರೆ ಕೊಟ್ಟ ನಂತರ ಒದ್ದೆ ಬಟ್ಟೆಯಿಂದ ಒಂದು ಪಟ್ಟಿಯಷ್ಟು ಒರೆಸಿ ಬಿಡಿ. ಮೇಲ್ಮೈ ಒಣಗುವಾಗ ಬಿರುಕಿನ ಗೆರೆ ಮಾತ್ರ ಸ್ವಲ್ಪ ಹೊತ್ತು ಒದ್ದೆಯಾಗಿ ಉಳಿದು ತೋರುತ್ತದೆ. ಅಡ್ಡ ಬಿರುಕಿರುವ ಯಾವ ಫರ್ಸಿಯನ್ನೂ ಛಾವಣಿಯಲ್ಲಿ ಉಳಿಸಬೇಡಿ.

ಇದು ಸುಣ್ಣದ ಕಲ್ಲು ಎಂಬುದನ್ನು ಮರೆಯಬಾರದು. ಬಹಳ ಹೆಚ್ಚು, ಅಂದರೆ 700-800 ಡಿಗ್ರಿ ಮೀರಿ ಕಾದರೆ ಮೇಲ್ಪದರ ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ನೀರು ಅಥವಾ ತೇವದ ಗಾಳಿ ತಾಗಿದಾಗ ಅರಳಿ ಪುಡಿಯಾಗುತ್ತದೆ. ಉಗುರಿಗೆ ಬಿಳಿ ಪುಡಿ ಹತ್ತಿದರೆ ಆ ಕಲ್ಲು ಮುಗಿಯಿತು.

ಕೆಂಪು ಕಲ್ಲು, ಕಣಶಿಲೆ (ಗ್ರಾನೈಟ್), ಇಟ್ಟಿಗೆ

ಬೀದರ್, ಹುಮನಾಬಾದ್ ಕಡೆಯ ಕೆಂಪು ಕಲ್ಲಿನ ಗೋಡೆಗಳಲ್ಲಿ ಹಳದಿ ಮಿಶ್ರಿತ ಭಾಗಗಳು ಗಾಢ ಕೆಂಪಿಗೆ ತಿರುಗಿದ್ದರೆ ಸುಮಾರು 250-300 ಡಿಗ್ರಿ ಕಾದಿದೆ ಎಂದು ತಿಳಿಯಬಹುದು. ಯಾದಗಿರಿಯ ಕಣಶಿಲೆಯಲ್ಲಿರುವ ಸ್ಫಟಿಕ 573 ಡಿಗ್ರಿಯಲ್ಲಿ ಹಠಾತ್ತಾಗಿ ಹಿಗ್ಗುವುದರಿಂದ ಕಲ್ಲಿನ ಮೂಲೆಗಳು ಸಿಪ್ಪೆಯಂತೆ ಸಿಡಿಯುತ್ತವೆ. ಇಟ್ಟಿಗೆ ಮೊದಲೇ ಬೆಂದದ್ದಾದ್ದರಿಂದ ತಡೆಯುತ್ತದೆ, ಸೋಲುವುದು ಅದರ ಸಂದಿನ ಗಾರೆ. ಸ್ಕ್ರೂಡ್ರೈವರಿನಿಂದ ಸಂದು ಕೆರೆದು, ಎಷ್ಟು ಆಳದವರೆಗೆ ಪುಡಿ ಬರುತ್ತದೆ ಎಂದು ಅಳೆಯಿರಿ.

ಮರದ ಜಂತಿ ಮತ್ತು ತೊಲೆ

ಇದ್ದಿಲಾದ ಭಾಗವನ್ನು ಕೆರೆದು ತೆಗೆದು ಹಸನಾದ ಮರ ಸಿಗುವವರೆಗೆ ಅಳೆಯಬೇಕು, ಅದರ ಹಿಂದಿನ ಇನ್ನೊಂದು 7 ಮಿ.ಮೀ. ಮರವನ್ನೂ ಬಲವಿಲ್ಲದ್ದೆಂದು ಬಿಡಬೇಕು. 150 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ತೊಲೆ ಮೂರು ಬದಿಯಲ್ಲಿ 20 ಮಿ.ಮೀ. ಸುಟ್ಟಿದೆ ಎನ್ನಿ. ಉಳಿಯುವುದು 96 ಅಗಲ, 173 ಎತ್ತರ. ನೋಡಲು ತೊಲೆಯ ಹೆಚ್ಚಿನ ಭಾಗ ಉಳಿದಂತಿದ್ದರೂ ಬಾಗುವಿಕೆಯನ್ನು ತಡೆಯುವ ಬಲ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಗೋಡೆಯೊಳಗೆ ಹೊಕ್ಕ ತುದಿಯನ್ನು ಮರೆಯದೆ ನೋಡಿ, ಅಲ್ಲಿ ಕೆಂಡ ಒಳಗೊಳಗೇ ತಿಂದಿರುತ್ತದೆ.

ಹಂತ 5: ಬಿರುಕು, ಬಾಗು, ವಾಲು

ನಮ್ಮ ಎರೆ ಭೂಮಿಯಲ್ಲಿ ಬಿರುಕಿಲ್ಲದ ಮನೆ ಅಪರೂಪ, ಆದ್ದರಿಂದ ಬೆಂಕಿಯ ಬಿರುಕನ್ನು ನೆಲದ ಬಿರುಕಿನಿಂದ ಬೇರ್ಪಡಿಸಲು ಕಲಿಯಬೇಕು. ಎರೆ ನೆಲದ ಬಿರುಕು ಹೆಚ್ಚಾಗಿ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಓಡುತ್ತದೆ, ಒಳಗೆ ಹಳೆಯ ಬಣ್ಣ, ಧೂಳು, ಜೇಡರ ಬಲೆಯ ಗುರುತು ಇರುತ್ತದೆ. ಟಾರ್ಚ್ ಹಿಡಿದು ಬಿರುಕಿನ ಒಳಮುಖ ನೋಡಿ. ಒಳಗೆ ಮಸಿ ಇದ್ದರೆ ಬೆಂಕಿ ಉರಿಯುತ್ತಿರುವಾಗಲೇ ಅದು ಬಾಯಿ ಬಿಟ್ಟಿತ್ತು. ಹಸಿ ಮುರಿತದ ಬಣ್ಣವಿದ್ದರೆ ನೀರು ಬಿದ್ದ ಮೇಲೆ ಅಥವಾ ತಣ್ಣಗಾಗುವಾಗ ಒಡೆದದ್ದು. ಆರಿಸಿದ ನೀರು ಪಾಯದ ಎರೆ ಮಣ್ಣಿಗೆ ಇಳಿದಿದ್ದರೆ ವಾರಗಳ ನಂತರವೂ ಹೊಸ ಬಿರುಕು ಬರಬಹುದು. ಪ್ರತಿ ಮುಖ್ಯ ಬಿರುಕಿನ ಮೇಲೆ ಪಿಒಪಿಯ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಣ್ಣ ಪಟ್ಟಿ ಹಚ್ಚಿ ದಿನಾಂಕ ಬರೆಯಿರಿ. ಪಟ್ಟಿ ಸೀಳಿದರೆ ಗೋಡೆ ಇನ್ನೂ ಚಲಿಸುತ್ತಿದೆ.

ತೊಲೆಯ ಎರಡು ತುದಿಗೆ ದಾರ ಕಟ್ಟಿ ನಡುವಿನ ತಗ್ಗು ಅಳೆಯಿರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಒಪ್ಪುವ ಒಟ್ಟು ಬಾಗು ಅಂಕಣದ 250ನೇ ಒಂದು ಭಾಗ, ಅಂದರೆ 5 ಮೀಟರಿಗೆ 20 ಮಿ.ಮೀ. ಅದನ್ನು ಮೀರಿದ್ದರೆ, ಅಥವಾ ಪಕ್ಕದ ಸುಡದ ಅಂಕಣಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ, ಆಸರೆ ತೆಗೆಯುವ ಮಾತೇ ಬೇಡ. ಗೋಡೆ, ಕಂಬಗಳಿಗೆ ತೂಗುಗುಂಡು ಬಿಟ್ಟು ವಾಲು ಬರೆದುಕೊಳ್ಳಿ. ಬೆಂಕಿ ಬಿದ್ದ ಕೋಣೆಯಲ್ಲಿ ಮಾತ್ರ ಅಳೆದು ಬಿಡುವುದು ಮತ್ತೊಂದು ಸಾಮಾನ್ಯ ತಪ್ಪು: ಹಿಗ್ಗಿದ ಸ್ಲ್ಯಾಬು ದೂರದ ತುದಿಯ ಕಂಬವನ್ನು ತಳ್ಳಿರುತ್ತದೆ, ಅಲ್ಲಿ ಮಸಿಯ ಕಲೆಯೂ ಇಲ್ಲದೆ ಕಂಬದ ತಲೆಯಲ್ಲಿ ಓರೆ ಬಿರುಕು ಕಾದಿರುತ್ತದೆ.

ಹಂತ 6: ಪರೀಕ್ಷೆಗಳು

ಮೊದಲು ಅಗ್ಗದ್ದು. ಹೊಸದಾಗಿ ಒಡೆದ ಕಾಂಕ್ರೀಟ್ ಮುಖಕ್ಕೆ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಕಡುಗುಲಾಬಿಯಾಗುತ್ತದೆ, 450-500 ಡಿಗ್ರಿ ಮೀರಿ ಕಾದ ಭಾಗ ಬಣ್ಣ ತಾಳುವುದಿಲ್ಲ. ಹಳೆಯ ಕಾಂಕ್ರೀಟ್ ವಯಸ್ಸಿನಿಂದಲೂ ಬಣ್ಣ ತಾಳದಿರಬಹುದು, ಆದ್ದರಿಂದ ಸುಡದ ಕೋಣೆಯಲ್ಲಿಯೂ ಇದನ್ನೇ ಮಾಡಿ ಎರಡರ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಪುಟಿದೇಳುವಿಕೆಯಿಂದ ಗಡಸುತನ ಅಳೆಯುವ ಉಪಕರಣ) ಒಂದನ್ನೇ ನಂಬಿ ವರದಿ ಬರೆಯುವವರಿದ್ದಾರೆ. ಅದು ಮೇಲಿನ ಒಂದಿಂಚಿನ ಗಡಸುತನವನ್ನಷ್ಟೇ ಹೇಳುತ್ತದೆ, ಒದ್ದೆ ಮೇಲ್ಮೈಯಲ್ಲಿ ಇನ್ನೂ ತಪ್ಪು ಹೇಳುತ್ತದೆ. ಸುಟ್ಟ ಮತ್ತು ಸುಡದ ಭಾಗಗಳನ್ನು ಹೋಲಿಸಲು ಮಾತ್ರ ಅದನ್ನು ಬಳಸಿ. ಅಲ್ಟ್ರಾಸೋನಿಕ್ ಪರೀಕ್ಷೆಯಲ್ಲಿ ಕಾಂಕ್ರೀಟಿನೊಳಗೆ ಶಬ್ದದ ಅಲೆ ಸಾಗುವ ವೇಗ ಸೆಕೆಂಡಿಗೆ 3.5 ಕಿ.ಮೀ.ಗಿಂತ ಕೆಳಗಿಳಿದರೆ ಆ ಭಾಗ ಸಂಶಯಾಸ್ಪದ.

ಕೊನೆಯ ಮಾತು ಕೋರ್ (ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು) ಪರೀಕ್ಷೆಯದು. ಸುಟ್ಟ ಭಾಗದಿಂದ ಕನಿಷ್ಠ ಮೂರು, ಸುಡದ ಭಾಗದಿಂದ ಮೂರು ಕೋರ್ ತೆಗೆಸಿ, ಸರಳು ಕತ್ತರಿಸದಂತೆ ಮೊದಲೇ ಜಾಗ ಗುರುತಿಸಿ. ಐಎಸ್ 456ರ ಪ್ರಕಾರ ಮೂರರ ಸರಾಸರಿ ನಿಗದಿತ ಬಲದ ಶೇ. 85ಕ್ಕೆ ಕಡಿಮೆ ಇರಬಾರದು, ಯಾವ ಒಂದೂ ಶೇ. 75ಕ್ಕಿಂತ ಇಳಿಯಬಾರದು. ಪರೀಕ್ಷೆಗೆ ಕಳಿಸುವ ಮುನ್ನ ಕೋರಿನ ಉದ್ದಕ್ಕೂ ಬಣ್ಣದ ಫೋಟೊ ತೆಗೆದಿಡಿ, ಒತ್ತಿ ಒಡೆದ ಮೇಲೆ ಅದು ಸಿಗದು. ಕಲಬುರಗಿ, ಬೀದರಿನ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ಮೊದಲು ವಿಚಾರಿಸಿ.

ವೈರು, ಪಿವಿಸಿ ಸಾಮಾನು ಬಹಳ ಸುಟ್ಟಿದ್ದರೆ ಅದರ ಹೊಗೆಯ ಆಮ್ಲದಿಂದ ಕಾಂಕ್ರೀಟಿಗೆ ಕ್ಲೋರೈಡ್ ಸೇರಿ ಮುಂದೆ ಸರಳು ತುಕ್ಕು ಹಿಡಿಯುತ್ತದೆ. ಡ್ರಿಲ್ ಪುಡಿಯನ್ನು ಆಳದ ಪ್ರಕಾರ ಬೇರೆ ಬೇರೆ ಚೀಲಗಳಲ್ಲಿ ಹಿಡಿದು ಕ್ಲೋರೈಡ್ ಪರೀಕ್ಷೆಗೂ ಕಳಿಸಿ.

ಲೆಕ್ಕ ಅತ್ತಲೂ ಇತ್ತಲೂ ವಾಲುತ್ತಿದ್ದರೆ ಭಾರದ ಪರೀಕ್ಷೆ ಮಾಡಬಹುದು: ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಇಟ್ಟು ತೆಗೆದರೆ, ಮುಂದಿನ 24 ಗಂಟೆಗಳಲ್ಲಿ ಬಾಗಿನ ಶೇ. 75 ಮರಳಬೇಕು. ಇದನ್ನು ಇಂಜಿನಿಯರ್ ಎದುರಿಗಿದ್ದು, ಕೆಳಗೆ ತಾಗದಂತೆ ಆಸರೆ ನಿಲ್ಲಿಸಿಯೇ ಮಾಡಬೇಕು. ಫರ್ಸಿ ಛಾವಣಿಗೆ ಇದು ಸಲ್ಲದು.

ಹಂತ 7: ದರ್ಜೆ ಹಾಕಿ ಕೆಲಸ ಹಂಚುವುದು

ಇಡೀ ಕಟ್ಟಡಕ್ಕೆ ಒಂದೇ ತೀರ್ಪು ಕೊಡಬೇಡಿ. ನಂಬರು ಹಾಕಿದ ಒಂದೊಂದು ಕಂಬ, ತೊಲೆ, ಅಂಕಣಕ್ಕೂ ಬೇರೆ ದರ್ಜೆ ಬರೆಯಿರಿ. ಬರೀ ಮಸಿ, ಸದ್ದು ಗಟ್ಟಿ: ತೊಳೆದು ಬಣ್ಣ. ಗಿಲಾವು ಬಿಟ್ಟಿದೆ, ಕಾಂಕ್ರೀಟ್ ಗಟ್ಟಿ: ಗಿಲಾವು ಮಾತ್ರ. ಚಕ್ಕೆ ಹಾರಿದೆ, ಸರಳು ನೆಟ್ಟಗಿದೆ: ಸತ್ತ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ ಹೊಸದು ತುಂಬುವುದು. ಗುಲಾಬಿ ಗೆರೆ ಸರಳನ್ನು ದಾಟಿದೆ, ಬಾಗು ಹೆಚ್ಚಿದೆ: ಲೆಕ್ಕ ಹಾಕಿ ಬಲಪಡಿಸುವುದು. ಸರಳು ಬಳುಕಿದೆ, ಕಂಬ ವಾಲಿದೆ, ಫರ್ಸಿ ಸೀಳಿದೆ: ಕೆಡವುವುದು.

ಕೆತ್ತುವಾಗ ಕಂಬದ ನಾಲ್ಕೂ ಬದಿಯನ್ನು ಒಂದೇ ದಿನ ಬಿಚ್ಚಬೇಡಿ. ಆಸರೆಗಳನ್ನು ಹೊಸ ಕಾಂಕ್ರೀಟ್ 28 ದಿನ ತುಂಬುವವರೆಗೆ ಇರಿಸಿ. ಜ್ಯಾಕಿನ ಬಾಡಿಗೆ ಉಳಿಸಲು ಹತ್ತನೇ ದಿನಕ್ಕೆ ತೆಗೆಸುವ ಆತುರವನ್ನು ಒಪ್ಪಬೇಡಿ. ಪಿಒಪಿ ಪಟ್ಟಿಗಳನ್ನು ಮಾತ್ರ ಒಂದು ಮಳೆಗಾಲ ಪೂರ್ತಿ ಮುಗಿಯುವವರೆಗೆ ಬಿಡಿ, ತಿಂಗಳಿಗೊಮ್ಮೆ ನೋಡಿ ದಿನಾಂಕದ ಪಕ್ಕದಲ್ಲಿ ಗುರುತು ಹಾಕಿ, ಅವುಗಳ ಮೇಲೆ ಬಣ್ಣ ಬಳಿಯದಂತೆ ಪೇಂಟರಿಗೆ ಹೇಳಿಡಿ.